ಯಮನೂರಪ್ಪನ ಪಿಸ್ಟನ್

ಮುರ್ತುಜಸಾಬನ ಗ್ಯಾರೇಜು ಹಳೆ ಬಾಗಲಕೋಟೆಯೊಡನೆ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ನವನಗರದ ತಗಡಿನ ಶೆಡ್ಡಿಗೆ ಬಂದಿತ್ತು. ಅಲ್ಲಿಗೆ 2003ರ ಮಳೆಗಾಲದಲ್ಲಿ ಸೋಮಲಿಂಗ ಅಪ್ಪನ ಪಿಸ್ಟನ್ನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ. ಅಪ್ಪ ಯಮನೂರಪ್ಪ ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಸ್ಟೇರಿಂಗ್ ಮೇಲೆ ತಲೆಯಿಟ್ಟು ಸತ್ತವನು. ಲಾರಿ ಗುಜರಿಗೆ ಹೋಯಿತು. ಅದರ ಎಂಜಿನ್ನಿನ ಈ ಪಿಸ್ಟನ್ನೊಂದನ್ನು ಮಗ ಉಳಿಸಿಕೊಂಡಿದ್ದ. ಈಗ ಇಳಕಲ್ಲಿನ ಕಲ್ಲು ಹೊರಲು ಹಳೆಯದೊಂದು ಟರ್ಬೊ ಲಾರಿ ಕೊಂಡು, ಎಂಜಿನ್ ಬಿಚ್ಚಿಸಿದ್ದ.

“ಐದು ಹೊಸಾವು ಹಾಕ್ರಿ ಚಾಚಾ. ಆರನೇದು ಅಪ್ಪಂದು. ಅಂವ ಜೋಡಿಗಿದ್ರ ನನಗ ಧೈರ್ಯ.”

ಮುರ್ತುಜಸಾಬನ ಪಿತ್ತ ನೆತ್ತಿಗೇರಿತು. “ಬುದ್ಧಿ ಐತೇನ್ಲೇ? ನಿಮ್ಮಪ್ಪ ಕ್ಲೀನರ್ ಇದ್ದಾಗ ಎಂಜಿನ್ ಇಪ್ಪತ್ತು ಪಾಲು ಗಾಳಿ ಒಂದು ಪಾಲಿಗೆ ಒತ್ತತಿದ್ವು. ಆಮ್ಯಾಲ ಹದಿನೇಳಕ್ಕ ಬಂತು, ಇದು ಆವಾಗಿಂದು. ನೋಡು, ತಲಿಮ್ಯಾಲ ಬಟ್ಟಲದಂಗ ಸಣ್ಣ ಕುಣಿ. ಈಗ ಟರ್ಬೊ ತಾನ ಗಾಳಿ ತುರುಕತೈತಿ, ಅದಕ್ಕ ಕುಣಿ ಅಗಲ ಮಾಡಿ ಒತ್ತೂದು ಇನ್ನಷ್ಟು ಇಳಿಸ್ಯಾರ. ಇದನ್ನ ಹಾಕಿದ್ರ ಕುಣಿ ಅಂಚಿಗೆ ಸೀಳತೈತಿ, ಇಲ್ಲೇ,” ಎಂದು ಉಗುರಿನಿಂದ ಗೆರೆ ಎಳೆದು ತೋರಿಸಿದ.

ಸೋಮಲಿಂಗ ಕಣ್ಣು ತುಂಬಿಕೊಂಡು ನಿಂತೇ ಇದ್ದ. ಕೊನೆಗೆ ಹೂಂ ಎಂದ ಮುರ್ತುಜಸಾಬ, ಅವನು ಹೋದಮೇಲೆ ಆರೂ ಹೊಸವನ್ನೇ ಹಾಕಿದ. ತೀರಿಹೋದ ಡ್ರೈವರುಗಳ ಪಿಸ್ಟನ್ನುಗಳನ್ನು ಹಲಗೆಯ ಮೇಲಿಟ್ಟು, ಗುರುವಾರ ಅವುಗಳ ಕುಣಿಯಲ್ಲಿ ಲೋಬಾನದ ಧೂಪ ಹಾಕುವುದು ಅವನ ರೂಢಿ. ಯಮನೂರಪ್ಪನದನ್ನೂ ಅಲ್ಲಿಗೆ ಸೇರಿಸಿದ.

ಅಂದಿನಿಂದ ನೆಮ್ಮದಿ ಹೋಯಿತು. ಮುಟ್ಟಿದಾಗೆಲ್ಲ ಆ ಪಿಸ್ಟನ್ ಬೆಚ್ಚಗಿರುತ್ತಿತ್ತು. ತಗಡಿನ ಕಾವು ಎಂದುಕೊಂಡ, ಆದರೆ ಪಕ್ಕದವು ತಣ್ಣಗಿದ್ದವು. ಸೋಮಲಿಂಗನ ಲಾರಿ ಊರಲ್ಲೇ ನಿಂತ ದಿನ ಮಾತ್ರ ಅದೂ ತಣ್ಣಗಿರುತ್ತಿತ್ತು. ಮುರ್ತುಜಸಾಬನಿಗೆ ಹಲಗೆಯತ್ತ ನೋಡಲೂ ಭಯವಾಗತೊಡಗಿತು.

ಒಂದು ಸಂಜೆ ಸೋಮಲಿಂಗ ಬಸ್ಸಿಳಿದು ಓಡುತ್ತ ಬಂದ. ಮೈಯೆಲ್ಲ ಕೆಸರು.

“ಶಿವಯೋಗ ಮಂದಿರದ ಹಂತೇಕ ಎಂಜಿನ್ ಒಮ್ಮಿಗಲೇ ಠಣ್ ಠಣ್ ಬಡಿಯಾಕ ಹತ್ತಿತು ಚಾಚಾ. ಅಪ್ಪನ ಪಿಸ್ಟನ್ ಒಡೀತು ಅಂತ ಬ್ರೇಕ್ ಹೊಡದು ಇಳದ್ನಿ. ಮುಂದ ಸೇತುವೆನ ಇರ್ಲಿಲ್ಲ, ಹಳ್ಳ ಒಯ್ದಿತ್ತು! ಅಪ್ಪನ ಬಂದು ನನ್ನ ಉಳಿಸಿದ. ಲಾರಿ ಅಲ್ಲೇ ಐತಿ. ಅವನ ಪಿಸ್ಟನ್ ಏನಾಗೈತಿ, ಬಿಚ್ಚಿ ನೋಡೂಣು ಬರ್ರಿ.”

ಇವನಿಗೆ ಏನು ಹೇಳುವುದು? ಎಂಜಿನ್ನಿನಲ್ಲಿ ಅಪ್ಪ ಇರಲೇ ಇಲ್ಲ ಎನ್ನುವುದೇ? ಮುರ್ತುಜಸಾಬ ಹಲಗೆಯ ಕಡೆ ಹೋಗಿ ಯಮನೂರಪ್ಪನ ಪಿಸ್ಟನ್ನಿಗೆ ಕೈ ಹಾಕಿದ.

ಕೈ ಚುರ್ರೆಂದಿತು. ಪಿಸ್ಟನ್ ಕುಣಿಯ ಅಂಚಿಗೆ ಸೀಳಿತ್ತು, ಅವನು ಅಂದು ಉಗುರಿನಿಂದ ಗೆರೆ ಎಳೆದಿದ್ದ ಜಾಗದಲ್ಲೇ.