ಮ್ಯಾನೇಜರು ಕಲಿಸಿದ ಇಂಗ್ಲಿಷು

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಅನ್ನುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರು ಇಬ್ಬರಿದ್ದರು; ಅವರೂ ಹಾಗೇ ಕರೆಯುತ್ತಿದ್ದರು, ಅದ್ಯಾವ ಲೆಕ್ಕವೋ. ಹದಿಮೂರು ವರ್ಷ ಇಸ್ತ್ರಿ ಮಷೀನಿನ ಬಿಸಿಗೆ ಮುಖವೊಡ್ಡಿ ನಿಂತೂ ನಿಂತೂ ಅವಳ ಮಂಡಿಗಳು ಕೈಕೊಟ್ಟಿದ್ದವು. ಇನ್ನು ನಿಂತು ಮಾಡುವ ಕೆಲಸ ಸಾಧ್ಯವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಲ್ಲಿ ಕೂತು ಮಾಡುವ ಕೆಲಸವೆಂದರೆ ಸೂಪರ್‌ವೈಸರಿನದು ಒಂದೇ. ಅದಕ್ಕೆ ದಿನದ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಬರಬೇಕು. ಬಾರದಿದ್ದರೆ ಮನೆ ದಾರಿ.

ದೊಡ್ಡಕ್ಕ ಕೈಕಟ್ಟಿ ಕೂರುವ ಪೈಕಿಯಲ್ಲ. ಎರಡು ವರ್ಷದಿಂದ ಒಂದು ನೋಟ್‌ಬುಕ್ ಇಟ್ಟಿದ್ದಳು. ಲಾಂಡ್ರಿಯ ಮೊಬೈಲ್ ಗ್ರೂಪಿನಲ್ಲಿ ಮ್ಯಾನೇಜರು ಹಾಕುವ ಪ್ರತಿಯೊಂದು ಇಂಗ್ಲಿಷ್ ಮೆಸೇಜನ್ನೂ ಊಟದ ಬಿಡುವಿನಲ್ಲಿ ಒಂದಕ್ಷರ ಬಿಡದೆ ಅದರಲ್ಲಿ ಬರೆದುಕೊಳ್ಳುತ್ತಿದ್ದಳು. ಡಾಕ್ಟರುಗಳ ಜೊತೆ ನೀರು ಕುಡಿದಷ್ಟು ಸಲೀಸಾಗಿ ಇಂಗ್ಲಿಷ್ ಮಾತಾಡುವ ಮನುಷ್ಯ. ಅವರಿಗಿಂತ ಗುರು ಬೇಕೆ? ಪಾಪ, ಅವರ ಬೆರಳಿಗೆ ಮಾತ್ರ ವಿಪರೀತ ಅವಸರ. ಅವರ ಕೈಯಲ್ಲಿ 'ಪ್ಲೀಸ್' ಮೂರಕ್ಷರಕ್ಕೆ ಇಳಿಯುತ್ತಿತ್ತು, 'ಯು' ಒಂದೇ ಅಕ್ಷರವಾಗುತ್ತಿತ್ತು. ಕೆಲವು ಪದಗಳನ್ನು ಅವರು ಅವಸರವಿಲ್ಲದಾಗಲೂ ತಪ್ಪೇ ಬರೆಯುತ್ತಿದ್ದರು.

ಹೈಸ್ಕೂಲಿಗೆ ಹೋಗುವ ಮಗಳು ಒಮ್ಮೆ ನೋಟ್‌ಬುಕ್ ತಿರುವಿ ಹಾಕಿ, "ಅಮ್ಮಾ, ಇದರಲ್ಲಿ ಅರ್ಧ ತಪ್ಪು. ಹೀಗೆ ಬರೆದ್ರೆ ನಮ್ಮ ಟೀಚರು ಬೈತಾರೆ" ಅಂದಳು.

"ನಿಮ್ಮ ಟೀಚರ ಕೈಕೆಳಗೆ ಎಷ್ಟು ಜನ ಕೆಲಸ ಮಾಡ್ತಾರೆ? ನಮ್ಮ ಮ್ಯಾನೇಜರ ಕೈಕೆಳಗೆ ನಲವತ್ತು ಜನ. ಹೋಗು, ಓದ್ಕೋ ಹೋಗು."

ಸೂಪರ್‌ವೈಸರ್ ಕೆಲಸದ ಇಂಗ್ಲಿಷ್ ಪರೀಕ್ಷೆಯೂ ಆಯಿತು. ಮರುವಾರ ಮುಖ್ಯ ಕಚೇರಿಯಿಂದ ಬಂದ ಮೇಡಂ ಅವಳನ್ನು ಒಳಗೆ ಕರೆದು ಕೂರಿಸಿದರು. ಮೇಜಿನ ಮೇಲೆ ಅವಳ ಉತ್ತರಪತ್ರಿಕೆ ಮೈತುಂಬ ಕೆಂಪಾಗಿ ಬಿದ್ದಿತ್ತು. ಪಕ್ಕದ ಕುರ್ಚಿಯಲ್ಲಿದ್ದ ಮ್ಯಾನೇಜರು ಅದನ್ನೇ ನೋಡುತ್ತಿದ್ದರು. ಆ ತಪ್ಪುಗಳನ್ನು ಅವರು ಗುರುತಿಸದೆ ಇರುತ್ತಾರೆಯೇ? ಹೆತ್ತವರಿಗೆ ಮಕ್ಕಳ ಗುರುತು ಸಿಗುವುದಿಲ್ಲವೇ?

"ಇದೆಲ್ಲ ಎಲ್ಲಿ ಕಲಿತ್ರಿ?" ಮೇಡಂ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ನೋಟ್‌ಬುಕ್ ಅವಳ ಚೀಲದಲ್ಲೇ ಇತ್ತು. ತೆಗೆದು ತೋರಿಸಿದರೆ ಅವಳ ತಪ್ಪು ಅವಳದಲ್ಲ ಎಂದಾಗುತ್ತಿತ್ತು. ಆದರೆ ಈ ಪರೀಕ್ಷೆಗೆ ಮೇಲಿನವರ ಹತ್ತಿರ ಜಗಳವಾಡಿ ಅವಳ ಹೆಸರು ಸೇರಿಸಿದವರೇ ಮ್ಯಾನೇಜರು. ಉಂಡ ಮನೆಗೆ ಎರಡು ಬಗೆಯುವುದು ಅವಳ ಕೈಲಾಗಲಿಲ್ಲ.

"ಮೊಬೈಲ್ ನೋಡಿ ಕಲಿತೆ ಮೇಡಂ."

"ಅದೇ ನೋಡಿ. ಆನ್‌ಲೈನಲ್ಲಿ ಎಲ್ಲರೂ ಹೀಗೇ ಗೀಚ್ತಾರೆ. ನನ್ನ ತಂಗಿಗೆ ನಾನೂ ಹೀಗೇ ಬರೀತೀನಿ. ಆದ್ರೆ ಸರಿ ಯಾವುದು ಅಂತ ಗೊತ್ತಿರೋರು ಹಾಗೆ ಬರೀಬಹುದು. ಕಲಿಯೋರು ಬರೀಬಾರದು."

"ಅಡ್ಡದಾರಿ ಯಾವುದು ಅಂತ ಕಲಿಯೋರಿಗೆ ಹೆಂಗೆ ಗೊತ್ತಾಗತ್ತೆ ಮೇಡಂ? ಮುಂದೆ ಹೋಗೋರು ನಡೆದಿದ್ದೇ ದಾರಿ ಅನ್ಕೋತೀವಿ."

ಮ್ಯಾನೇಜರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಮುಂದೆ ಹೋದೋನು ನಾನೇ ಮೇಡಂ," ಅಂದರು. "ಅವರು ನೋಡಿ ಕಲಿತಿದ್ದು ನನ್ನ ಮೆಸೇಜನ್ನ. ಅದರಲ್ಲಿ ಕೆಲವು ಅವಸರದ್ದು. ಇನ್ನು ಕೆಲವು ತಪ್ಪು ಅಂತ ನನಗೂ ಈಗಲೇ ಗೊತ್ತಾಗಿದ್ದು." ಹೇಳುವಾಗ ಅವರ ಕಿವಿ ಕೆಂಪಾಗಿತ್ತು. ನಲವತ್ತು ಜನರ ಮೇಲಿನ ಮನುಷ್ಯ ತನಗೋಸ್ಕರ ಇಷ್ಟು ಕೆಳಗಿಳಿದದ್ದನ್ನು ಕಂಡು ದೊಡ್ಡಕ್ಕನಿಗೆ ಕೆಲಸದ ಚಿಂತೆಯೇ ಮರೆತುಹೋಯಿತು. ಇನ್ನೊಂದು ಮಾತಾಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು.

ಮೇಡಂ ಒಂದು ಬಿಳಿ ಹಾಳೆಯನ್ನು ಅವಳ ಕಡೆ ಸರಿಸಿದರು. "ಯಾರ ಮೆಸೇಜೂ ಬೇಡ. ಇವತ್ತು ಲಾಂಡ್ರಿಲಿ ಏನಾಯ್ತು, ನಿಮ್ಮದೇ ಮಾತಲ್ಲಿ, ಇಂಗ್ಲಿಷಲ್ಲೇ ಬರೀರಿ. ಇದರ ಮೇಲೇ ತೀರ್ಮಾನ."

ನೋಟ್‌ಬುಕ್ಕಿನ ಒಂದು ಸಾಲೂ ನೆರವಿಗೆ ಬರಲಿಲ್ಲ. ಪೆನ್ನು ಹಿಡಿದು, ಪ್ರತಿ ಪದವನ್ನೂ ಉದ್ದಕ್ಕೆ, ಪೂರ್ತಿಯಾಗಿ ಬರೆದಳು. ಮೂರನೇ ಮಷೀನು ಬೆಳಗಿನಿಂದ ಸೋರುತ್ತಿದೆ. ನೀರು ಕರೆಂಟಿನ ಡಬ್ಬಿಯ ಹತ್ತಿರ ಹೋಗುತ್ತಿದೆ. ನಾನು ಸ್ವಿಚ್ ಆರಿಸಿ ಎಲ್ಲರನ್ನೂ ದೂರ ನಿಲ್ಲಿಸಿದ್ದೇನೆ. ರಿಪೇರಿಯವರು ಬಂದಿಲ್ಲ.

ಮೇಡಂ ಕೆಂಪು ಪೆನ್ನು ಹಿಡಿದೇ ಓದಲು ಶುರುಮಾಡಿದರು. ಎರಡನೇ ಸಾಲಿನಲ್ಲಿ ಒಂದು ಪದಕ್ಕೆ ಅಕ್ಷರವೊಂದು ಕಮ್ಮಿಯಿತ್ತು. ಪೆನ್ನು ಅಲ್ಲಿಗೆ ಬರಲೇ ಇಲ್ಲ. ಅವರು ಅದನ್ನು ಕೆಳಗಿಟ್ಟು ಮೇಜಿನ ಫೋನು ಎತ್ತಿಕೊಂಡಿದ್ದರು.

"ರಿಪೇರಿ ವಿಭಾಗನಾ? ಮೂರನೇ ಮಷೀನು ಸೋರಿ ನೀರು ಕರೆಂಟಿನ ಹತ್ತಿರ ಹೋಗ್ತಿದೆಯಂತೆ. ಈಗಲೇ ಬನ್ನಿ... ಯಾರು ಹೇಳಿದ್ದಾ? ಲಾಂಡ್ರಿ ಸೂಪರ್‌ವೈಸರು ಬರೆದು ಕೊಟ್ಟಿದ್ದಾರೆ."