ಮುಟ್ಟಳ್ಳಿಯ ಚೌಕ

ಚಟ್ಟ ಕಟ್ಟಲು ಜಾಗ ಸಾಲದೆ ದೋಣಿ ನಡೆಸುವ ದಾಸ ಅಂಗಳದಲ್ಲಿದ್ದ ಸೈಕಲ್ಲನ್ನು ಎತ್ತಿ ಬಾವಿಕಟ್ಟೆಗೆ ಒರಗಿಸಿದ. ಹಿಂದಿನ ಚಕ್ರಕ್ಕೆ ಗಾಳಿ ತುಂಬಿತ್ತು, ಮುಂದಿನದಕ್ಕೆ ಇರಲಿಲ್ಲ. ಪಂಪು ಇನ್ನೂ ಅಲ್ಲೇ ನೆಲದ ಮೇಲೆ ಬಿದ್ದಿತ್ತು. ಭಾನುವಾರ ಬೆಳಗಿನ ಐದೂವರೆಗೆ ಗಾಳಿ ಹಾಕುತ್ತಿದ್ದ ರಮಾನಂದ ಕೂತಲ್ಲೇ ಮಗ್ಗುಲಿಗೆ ವಾಲಿದ್ದ. ವಯಸ್ಸು ಐವತ್ತೇಳು. ಹೈಸ್ಕೂಲಿನಲ್ಲಿ ಗುಮಾಸ್ತಿಕೆ, ರಜೆ ಬಂದರೆ ಸೈಕಲ್ಲು. ಅವನ ಬದುಕನ್ನು ಹೇಳಿ ಮುಗಿಸಲು ಇಷ್ಟು ಸಾಕೆಂದು ಶಿರಾಲಿ ಊರಿನವರು ತಿಳಿದಿದ್ದರು.

ಈಗ ಗಂಟೆ ಹನ್ನೊಂದು. ಹೆಣ ಮೀಯಿಸಿ ಗಂಧ ಹಚ್ಚಿ ಆಗಿತ್ತು. ಆದರೂ ಎತ್ತುವ ಹಾಗಿರಲಿಲ್ಲ. ಹೆಂಡತಿಯ ತವರಿನಿಂದ ಬಟ್ಟೆ ಬಂದು, ಅದನ್ನು ಹೊದೆಸದೆ ಆ ಮನೆತನದಲ್ಲಿ ಗಂಡಸಿನ ಹೆಣ ಅಂಗಳ ದಾಟುವುದಿಲ್ಲ. ತವರೆಂದರೆ ಮುಟ್ಟಳ್ಳಿ, ಬಸ್ಸಿನಲ್ಲಿ ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ಅಲ್ಲಿರುವವನು ಹೆಂಡತಿ ನರ್ಮದೆಯ ಅಣ್ಣ ತಿಮ್ಮಪ್ಪ ಒಬ್ಬನೇ. ಅವನಿಗೆ ಆರು ಗಂಟೆಗೇ ಫೋನು ಹೋಗಿತ್ತು.

"ಬರ್ತ್ನೋ ಇಲ್ವೋ, ಒಂದು ಮಾತು ಹೇಳೂಕೆ ಎಂತ ಅವಂಗೆ?" ನೆರೆಮನೆಯ ಮುದುಕಿ ಬಂಗಾರಿ ಗೊಣಗಿದಳು. "ಎಂಟು ವರ್ಷ ಆತು. ಸಿಟ್ಟಿಗೂ ಒಂದು ಮುಪ್ಪು ಬೇಡ್ವ?"

ನರ್ಮದಾ ಗಂಡನ ತಲೆಯ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ಅಳು ಬರುತ್ತಿರಲಿಲ್ಲ. ಮೈಯೆಲ್ಲ ದಣಿದಿತ್ತು, ಅಷ್ಟೇ.

"ಬರ್ದಿದ್ರೆ ನನ್ನದೇ ಒಂದು ಸೀರೆ ಹೊದ್ಸಿ ಎತ್ತಿ" ಎಂದಳು. "ಇಪ್ಪತ್ತು ವರ್ಷ ಆಯ್ತವಾರ ಆಯ್ತವಾರ ಇವ್ರಿಗೆ ಕಾದೆ. ಇನ್ನು ಅಣ್ಣಂಗೂ ಕಾಯೂಕೆ ನನ್ನಿಂದಾಗ."

ಬಂಗಾರಿ ಕೆನ್ನೆ ಬಡಿದುಕೊಂಡಳು. ಯಾರೂ ಏಳಲಿಲ್ಲ.

*

ಎಂಟು ವರ್ಷದ ಹಿಂದೆ, ಅದೂ ಭಾನುವಾರವೇ, ನರ್ಮದೆಯ ತಾಯಿ ತೀರಿಕೊಂಡಾಗ ರಮಾನಂದ ಮಿರ್ಜಾನದ ಹೊಳೆದಂಡೆಯಲ್ಲಿ ಪೆಡಲು ತುಳಿಯುತ್ತಿದ್ದ. ಫೋನು ಚೀಲದ ತಳದಲ್ಲಿತ್ತು. ಅಳಿಯನ ಹೆಗಲು ಬೇಕೆಂದು ಮೂರು ಗಂಟೆಯವರೆಗೆ ಕಾದು, ಕೊನೆಗೆ ಬೇರೆಯವರೇ ಹೊತ್ತರು. ಅವನು ಮುಟ್ಟಳ್ಳಿಗೆ ಬಂದಾಗ ಚಿತೆ ಉರಿದು ತಗ್ಗಿತ್ತು. ಮೊಣಕಾಲು ಕಾಣುವ ಚಡ್ಡಿ, ಬೆವರಿಗೆ ಮೈಗಂಟಿದ ಹಳದಿ ಅಂಗಿ.

ತಿಮ್ಮಪ್ಪ ಹೊಸಲಿನಲ್ಲೇ ತಡೆದ. "ನಾ ಬಾ ಅಂತ ಕರ್ಯೂವರೆಗೆ ಈ ಬದಿಗೆ ಕಾಲು ಹಾಕ್ಬೇಡ."

"ಆತು" ಎಂದ ರಮಾನಂದ.

ಅವನು ಎಲ್ಲದಕ್ಕೂ ಆತು ಎನ್ನುವ ಮನುಷ್ಯ. ಹೇಳಿದ್ದನ್ನು ಹಾಗೇ ಪಾಲಿಸಿಯಾನೆಂದು ಯಾರೂ ಎಣಿಸಿರಲಿಲ್ಲ. ವರ್ಷದೊಳಗೆ ಸರಿಹೋಗುತ್ತದೆ ಎಂದರು. ಸರಿಹೋಗಲಿಲ್ಲ. ಹಬ್ಬಕ್ಕೆ ನರ್ಮದಾ ಒಬ್ಬಳೇ ತವರಿಗೆ ಹೋಗಿ ಬಂದಳು. ಮರಳಿದ ದಿನವೆಲ್ಲ ಒಂದೇ ಮಾತು: "ನಿಮ್ಗೆ ನನ್ನ ತವರು ಬೇಡ, ನಾನೂ ಬೇಡ. ಆ ಎರಡು ಚಕ್ರ ಇದ್ರೆ ಆತು." ರಮಾನಂದ ಸರಪಳಿಗೆ ಎಣ್ಣೆ ಬಿಡುತ್ತಿದ್ದ.

*

ಹನ್ನೆರಡಕ್ಕೆ ಹೊನ್ನಾವರದಿಂದ ನರೇಶ ಬಂದ, ಸೈಕಲ್ಲಿನ ಮೇಲೆಯೇ. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ರಮಾನಂದನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಭಾನುವಾರದ ಜೊತೆಗಾರ. ಹೆಣಕ್ಕೆ ಕೈಮುಗಿದು, ಮಾಡಲು ಕೆಲಸವಿಲ್ಲದೆ ದಾಸನ ಪಕ್ಕ ಕೂತ.

"ಇವತ್ತು ಅವ ಎತ್ಲಾಗೆ ಹೊರಟಿದ್ದ?" ದಾಸ ಕೇಳಿದ.

"ಕುಮಟೆ ಆಚೆ. ಹೊಸ ಚೌಕ ಎಂಟು ಸಿಗ್ತಿತ್ತು."

"ನಮ್ಮ ಕಾಸರಕೋಡಲ್ಲೂ ಒಂದು ಚೌಕ ಇತ್ತು ಮಾರಾಯ. ಅಳಿವೆ ಬಾಯಲ್ಲಿ, ಪೂರಾ ನೀರು. ನನ್ನ ದೋಣಿಗೆ ಸೈಕಲ್ ಹತ್ಸ್ದ. ಹತ್ಸಿ, ಅದ್ರ ಮೇಲೇ ಕೂತ! ಬೀಳ್ತಿ ಇಳಿಯೋ ಅಂದ್ರೆ, ಇಳಿದ್ರೆ ಮೋಸ ಆಗ್ತದೆ ಅಂದ. ಯಾರಿಗೆ ಮೋಸ? ಮೀನಿಗ?"

ಸಾವಿನ ಮನೆಯೆಂಬುದನ್ನು ಮರೆತು ನಾಲ್ಕು ಜನ ನಕ್ಕರು. ನರ್ಮದಾ ತಲೆಯೆತ್ತಿದಳು.

"ಚೌಕ ಅಂದ್ರೆ ಎಂತ ನರೇಶ? ಇವ್ರು ಹೇಳ್ತಿದ್ರು. ನಾ ಕೇಳ್ಲೇ ಇಲ್ಲ."

ನರೇಶ ಎದ್ದುಹೋಗಿ ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿದ್ದ ರಮಾನಂದನ ಫೋನು ಬಿಡಿಸಿ ತಂದ. ಅದಕ್ಕೆ ಬೀಗವಿರಲಿಲ್ಲ, ಮುಚ್ಚಿಡುವ ಗುಟ್ಟು ಅವನಲ್ಲಿ ಇದ್ದರಲ್ಲವೇ. ಪರದೆಯ ಮೇಲೆ ನಕ್ಷೆ, ನಕ್ಷೆಯ ತುಂಬ ಗೆರೆ ಎಳೆದ ಚೌಕಗಳು. ಒಂದೊಂದೂ ಒಂದು ಕೂಗಳತೆ. ಸೈಕಲ್ಲಿನಲ್ಲಿ ಒಳಗೆ ಹೊಕ್ಕು ಬಂದರೆ ಆ ಚೌಕಕ್ಕೆ ನೇರಳೆ ಬಣ್ಣ ಬರುತ್ತದೆ, ಹೋಗದಿದ್ದರೆ ಬಿಳಿ. ಆರು ವರ್ಷದ ಹಿಂದೆ ನರೇಶನೇ ಈ ಆಟ ಹಚ್ಚಿದವನು.

"ಭಟ್ಕಳದಿಂದ ಮಿರ್ಜಾನವರೆಗೆ ನಾಲ್ಕು ಸಾವಿರ ಆತು ನೋಡಿ ಅಕ್ಕ. ನಡೂಗೆ ತೂತು ಬಿಡೂಕಾಗ. ತೂತು ಇದ್ರೆ ಎಲ್ಲ ಸೇರಿ ಆಗೂ ದೊಡ್ಡ ಚೌಕ ಬೆಳ್ಯೂದಿಲ್ಲ. ಇದೊಂದು ಬಿಟ್ಟಿದ್ರು." ನೇರಳೆಯ ನಡುವಿನ ಬಿಳಿ ಚೌಕದ ಮೇಲೆ ಅವನ ಬೆರಳು ನಿಂತಿತು. "ಎಷ್ಟು ಸಲ ಹೇಳ್ದೆ, ಮನೆ ಹಿತ್ಲಲ್ಲೇ ಇದ್ದಂಗೆ ಇದು, ಹೋಗಿ ಬನ್ನಿ ಅಂತ. ಅಲ್ಲಿಗೆ ಕರೀದೆ ಹೋಗೂಕಾಗ ಮಾರಾಯ ಅಂತಿದ್ರು."

"ಯಾವೂರು ಅದು?"

"ಮುಟ್ಟಳ್ಳಿ."

ಬಿಳಿ ಚೌಕದ ಸುತ್ತ ಅವನು ಓಡಾಡಿದ ದಾರಿಯ ಕೆಂಪು ಗೆರೆಗಳು ಒಂದರ ಮೇಲೊಂದು ಬಿದ್ದು ಹಗ್ಗದಂತೆ ದಪ್ಪಗಾಗಿದ್ದವು. ಎಲ್ಲಿಂದ ಮರಳುವಾಗಲೂ ಅಲ್ಲಿಗೊಂದು ಸುತ್ತು ಬಂದಿದ್ದ. ಹಲವು ಗೆರೆಗಳು ಅಂಚಿನವರೆಗೆ ಬಂದು, ಬಂದ ದಾರಿಯಲ್ಲೇ ಹಿಂದಿರುಗಿದ್ದವು.

ನರ್ಮದಾ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಬೆಳಗಿನಿಂದ ಬಾರದ ಅಳು ಆಗ ಬಂತು. ಅನ್ನಬಾರದ್ದನ್ನು ಎಂಟು ವರ್ಷ ಅಂದಿದ್ದೆನೆಂಬ ಸಂಕಟವೂ ಅದರಲ್ಲಿತ್ತು.

ಒಂದು ಗಂಟೆಗೆ ತಿಮ್ಮಪ್ಪ ಬಂದ. ಬಸ್ಸಿನಲ್ಲಲ್ಲ, ಬಿಸಿಲಿನಲ್ಲಿ ನಡೆದು. ಕಂಕುಳಲ್ಲಿ ಕಾಗದದ ಕಟ್ಟು ಇತ್ತು.

"ಅಂಗಡಿ ಬಾಗ್ಲು ತೆಗ್ಸಿ ಎಂಟಕ್ಕೇ ತಂದಿದ್ದೆ" ಎಂದ, ಯಾರೂ ಕೇಳದಿದ್ದರೂ. "ಕಾಲು ಬರ್ಲಿಲ್ಲ."

ಬಟ್ಟೆ ಹೊದೆಸಿದರು. ಹೆಣ ಎತ್ತಿದರು. ತಿಮ್ಮಪ್ಪ ಮುಂದಿನ ಬಲಗಡೆಗೆ ಹೆಗಲು ಕೊಟ್ಟ. ಸುಡುಗಾಡಿನವರೆಗೂ ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

*

ಗಂಡಸರು ಮಿಂದು ಮರಳುವಾಗ ನಾಲ್ಕೂವರೆ. ಬಂದವರು ಒಬ್ಬೊಬ್ಬರಾಗಿ ಹೊರಟರು, ಹೋಗುತ್ತೇನೆ ಎನ್ನುವ ಪದ್ಧತಿ ಸಾವಿನ ಮನೆಯಲ್ಲಿಲ್ಲ. ತಿಮ್ಮಪ್ಪ ಬಾವಿಕಟ್ಟೆಯ ಮೇಲೆ ಸೈಕಲ್ಲಿನ ಪಕ್ಕದಲ್ಲೇ ಕೂತಿದ್ದ. ನರ್ಮದಾ ಫೋನು ತಂದು ಅವನ ಕೈಗಿಟ್ಟು, ನರೇಶ ಹೇಳಿದ್ದನ್ನೆಲ್ಲ ಹೇಳಿದಳು. ದನಿ ಏರಿಸಲಿಲ್ಲ. ಏರಿಸುವಷ್ಟು ತ್ರಾಣ ಉಳಿದಿರಲಿಲ್ಲ.

ತಿಮ್ಮಪ್ಪ ಪರದೆಯನ್ನು ಕಣ್ಣಿನ ಹತ್ತಿರ ತಂದ.

"ಹೋದ ದೀಪಾವಳಿ ಮರುದಿನ ಕಂಡಿದ್ದೆ" ಎಂದ. "ತೋಡಿನ ಆಚೆ ಬದಿಗೆ ನಿಂತಿದ್ದ, ಒಂದು ಕಾಲು ನೆಲಕ್ಕೆ ಕೊಟ್ಟು. ಬಾ ಅನ್ನೂಕೆ ಬಾಯಿ ತೆಗ್ದೆ. ಅವ ಈಚೆ ನೋಡ್ದ. ನಾ ಎಮ್ಮೆ ಕರ್ದಂಗೆ ಮಾಡ್ದೆ."

ನರೇಶ ನೆಲದ ಮೇಲಿದ್ದ ಪಂಪು ಎತ್ತಿಕೊಂಡ. "ಅಕ್ಕ, ಮುಂದಿನ ಚಕ್ರಕ್ಕೆ ಗಾಳಿ ಹಾಕಿ ಈ ಫೋನು ಹಿಡ್ಕಂಡು ನಾ ಒಂದು ಸುತ್ತು ಹೋಗಿ ಬರ್ತೆ. ಒಂದು ತಾಸು. ಚೌಕ ತುಂಬ್ತದೆ."

"ಬೇಡ" ಎಂದಳು. "ದೋಣೀಲೂ ಸೈಕಲ್ ಇಳೀದವ್ರು ಅವ್ರು. ಕರೀದೆ ಹೋಗೂದಿಲ್ಲ ಅಂದಿದ್ರು. ಇನ್ನು ಕರ್ದು ಎಂತ ಮಾಡೂದು?"

ಅವಳು ಒಳಗೆ ಹೋದಳು. ತಿಮ್ಮಪ್ಪ ಫೋನು ಹಿಡಿದೇ ಕೂತಿದ್ದ. ಆ ಬಿಳಿಯ ಮೇಲೆ ಹೆಬ್ಬೆರಳಿಟ್ಟು, ಕಲೆ ಒರೆಸುವವನಂತೆ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಮತ್ತೆ ಬೇಗಬೇಗ ಒತ್ತಿದ. ಒತ್ತಿದ ಹಾಗೆಲ್ಲ ನಕ್ಷೆ ಹಿಗ್ಗಿ ಆ ಬಿಳಿ ಚೌಕ ದೊಡ್ಡದಾಗುತ್ತ ಬಂತು. ನೇರಳೆ ಬಣ್ಣವೆಲ್ಲ ಅಂಚಿಗೆ ಸರಿದು ಹೋಯಿತು. ಕೊನೆಗೆ ಅವನ ಅಂಗೈ ತುಂಬ ಬಿಳಿ ಒಂದೇ ಉಳಿಯಿತು.