ಅಟ್ಟೂರಿನ ಫಲಾನುಭವಿಗಳು

ಏಪ್ರಿಲ್‌ನಲ್ಲಿ ಸರ್ಕಾರಿ ಶಾಲೆಗೆ ರಜೆ ಬಂದರೆ ಬಿಸಿಯೂಟಕ್ಕೂ ರಜೆ. ಅಟ್ಟೂರಿನ ತಗಡಿನ ಶೆಡ್ಡುಗಳಲ್ಲಿದ್ದ ಕಟ್ಟಡ ಕೂಲಿಗಳ ಮಕ್ಕಳು ಹಾಗಾಗಿ ಮಧ್ಯಾಹ್ನ ಬರೀ ಬಿಸಿಲೂಟ ಮಾಡುತ್ತಿದ್ದರು. ಇತ್ತ ಸಹಕಾರನಗರದ ಅಂಜನಮ್ಮನವರ ಹಿತ್ತಿಲಲ್ಲಿ ಹಲಸಿನ ಹಣ್ಣುಗಳು ತಿನ್ನುವವರಿಲ್ಲದೆ ಬಿದ್ದು ಕೊಳೆಯುತ್ತಿದ್ದವು. ಎರಡನ್ನೂ ಜೋಡಿಸಬಹುದೆಂದು ಹೊಳೆದದ್ದು ಯಲಹಂಕದ ಕಾಲೇಜು ಹುಡುಗಿ ರಕ್ಷಾಗೆ.

ಹೊಳೆದದ್ದೇ ತಡ, ಸಂಘ ಹುಟ್ಟಿತು, ಟೀ ಶರ್ಟು ಹುಟ್ಟಿತು, ಬ್ಯಾನರ್ ಹುಟ್ಟಿತು. ಕೊನೆಗೆ, ಮರ ಹತ್ತುವವರು ಯಾರು ಎಂಬ ಪ್ರಶ್ನೆಯೂ ಹುಟ್ಟಿತು. ಸಹಪಾಠಿ ವಿರೂಪಾಕ್ಷ ಹತ್ತಿದ. ಬಲಿತ ಹಲಸುಗಳನ್ನು ಹಗ್ಗ ಕಟ್ಟಿ ಇಳಿಸಿ, ಲಗೇಜ್ ಆಟೋದಲ್ಲಿ ಅಟ್ಟೂರಿಗೆ ಒಯ್ದು, ಶೆಡ್ಡಿಗೊಂದರಂತೆ ಇಟ್ಟು, ಫಲಾನುಭವಿಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಫಲ ಕೊಟ್ಟಾಗಿತ್ತು, ಅನುಭವ ಅವರಿಗೆ ಬಿಟ್ಟದ್ದು.

ಕೆಲವು ದಿನ ಬಿಟ್ಟು ಹೋದರೆ ಶೆಡ್ಡುಗಳ ಸಾಲೆಲ್ಲ ಘಮ್ಮೆನ್ನುತ್ತಿತ್ತು. ಹಣ್ಣುಗಳು ಮಾತ್ರ ಇಟ್ಟಲ್ಲೇ ಇದ್ದವು.

"ಯಾಕಕ್ಕಾ, ತಿನ್ಲಿಲ್ವಾ?" ರಕ್ಷಾ ಕೇಳಿದಳು.

ರಾಯಚೂರು ಕಡೆಯಿಂದ ಬಂದಿದ್ದ ಶರಣವ್ವ ಗಂಡ ವೀರಬಸಪ್ಪನ ಕಡೆ ಕೈ ತೋರಿಸಿದಳು. "ನಮ್ಮ ಕಡಿ ಇದು ಬೆಳಿಯೂದಿಲ್ಲ ತಂಗಿ. ಹೆಂಗ ಕೊಯ್ಯೂದು ಗೊತ್ತಿಲ್ಲ. ಇವ್ರು ಗಾರೆ ಮೆತ್ತೂ ಕರಣಿ ತಗೊಂಡು ಹೊಡದ್ರು. ನೋಡು, ಮೀಸಿಗೆಲ್ಲಾ ಅಂಟು ಮೆತ್ತಿ ಬಾಯೀನ ತೆಗಿವಲ್ರು."

ವೀರಬಸಪ್ಪ ತುಟಿ ಬಿಚ್ಚದೆ ತಲೆಯಾಡಿಸಿದ.

"ಹುಡುಗ್ರು ವಾಸನಿ ನೋಡಕೋತ ಕುಂತಾವ. ಅದ್ರಿಂದ ಹೊಟ್ಟಿ ತುಂಬತದೇನವ್ವಾ?"

ರಕ್ಷಾ ವಿರೂಪಾಕ್ಷನಿಗೆ ಪಿಸುಗುಟ್ಟಿದಳು: "ಮಗಾ, ನೀನ್ ಕುಯ್ಯೋ."

"ಮಚ್ಚಾ, ನಮ್ಮನೆಯವ್ರೂ ಆ ಕಡೆಯವ್ರೇ. ನೀನ್ ಬೆಂಗ್ಳೂರವ್ಳು, ನೀನ್ ಕುಯ್ಯಿ."

"ನಾನು ಗಾಡಿಲಿ ಬಿಡ್ಸಿಟ್ಟಿರೋ ತೊಳೆ ತಿಂದಿರೋದು ಅಷ್ಟೇ!"

ಇಬ್ಬರೂ ಅಂಜನಮ್ಮನವರ ಮನೆಗೆ ಓಡಿದರು.

"ಇಡೀ ಅಣ್ಣು ಕೊಟ್ ಬಂದ್ರಾ?" ಮುದುಕಿ ಹಣೆ ಚಚ್ಚಿಕೊಂಡರು. "ನಮ್ಮಲ್ಲಿ ಅಲಸು ಕುಯ್ದೋರು ತೊಳೆ ಬಿಡ್ಸಿ ಬೀದಿಗೆಲ್ಲಾ ಅಂಚ್ಬೇಕು ಕಣಮ್ಮಾ. ಇಡೀ ಅಣ್ಣು ಕೊಟ್ರೆ ಊಟ ಕೊಟ್ಟಂಗಲ್ಲ, ಕೆಲ್ಸ ಕೊಟ್ಟಂಗೆ." ಆಮೇಲೆ ದನಿ ತಗ್ಗಿತು. "ನಾನೂ ನಿಮ್ಗೆ ಇಂಗೇ ಎತ್ಕೊಟ್ನಲ್ಲ. ಅಕ್ಕಪಕ್ಕದೋರು ಗೇಟ್ ಆಕ್ಕೊಂಡ್ ಮ್ಯಾಕೆ ಅಂಚೋದೇ ಮರ್ತೋಯ್ತು. ನಡೀರಿ. ಏನಪ್ಪಾ, ಆ ಮಚ್ಚು ತಗೋ."

ಮಾತಿಗೆ ಮುಂಚೆ ಮಚ್ಚಾ ಎನ್ನುವ ವಿರೂಪಾಕ್ಷ, ಮಾತಿಲ್ಲದೆ ಮಚ್ಚು ಹಿಡಿದ.

ಶೆಡ್ಡುಗಳ ಮುಂದೆ ಗೋಣಿ ಹಾಸಿ ಕೂತ ಅಂಜನಮ್ಮ ಕೈಗೂ ಮಚ್ಚಿಗೂ ಎಣ್ಣೆ ಸವರಿದರು. ಹಣ್ಣು ಬಾಯಿಬಿಟ್ಟಿತು. ಮಕ್ಕಳೂ ಬಾಯಿಬಿಟ್ಟರು. ತೊಳೆ ತಿಂದವರು ಕೈ ತೊಳೆಯಲೂ ಏಳಲಿಲ್ಲ.

ಅಂಜನಮ್ಮ ಬೀಜಗಳನ್ನು ಶರಣವ್ವನ ಕಡೆ ತಳ್ಳಿದರು. "ಬೇಯ್ಸಿ ಸಾರಿಗಾಕು. ನಾಳೆ ಮದ್ಯಾನಕ್ಕಾಯ್ತು."

"ನಾಡಿದ್ದಕ್ಕ?" ಶರಣವ್ವ ಮೆಲ್ಲಗೆ ಕೇಳಿದಳು.

ಈ ಪ್ರಶ್ನೆ ಸಂಘದ ಸಭೆಯಲ್ಲಿ ಯಾರಿಗೂ ಬಂದಿರಲಿಲ್ಲ. ರಕ್ಷಾ ಗೋಣಿಯ ಮೇಲೆ ಕೂತಳು. "ಸ್ಕೂಲ್ ಶುರುವಾಗೋವರ್ಗೂ ದಿನಾ ಬರ್ತೀವಕ್ಕಾ. ಕುಯ್ದು, ಬಿಡ್ಸಿ, ಕೊಟ್ಟೇ ಹೋಗ್ತೀವಿ. ಅಜ್ಜಿ, ಇನ್ನೊಂದು ನಾನ್ ಕುಯ್ಲಾ?"

"ಮೊದ್ಲು ಕೈಗೆ ಎಣ್ಣೆ ಅಚ್ಕೊಳೇ," ಎಂದರು ಅಂಜನಮ್ಮ, "ಭಾಷ್ಣ ಆಮ್ಯಾಕೆ."